ರೊಪ್ಪದ ಬಾಯಿಯ ಕೋಲು

ಚಿತ್ತಯ್ಯ ನೆಟ್ಟಗೆ ನಡೆದದ್ದನ್ನು ಆ ಹಟ್ಟಿಯಲ್ಲಿ ಯಾರೂ ಕಂಡವರಿಲ್ಲ. ಓಡಿದ್ದನ್ನು ಕಂಡಿದ್ದಾರೆ, ನೆಗೆದದ್ದನ್ನು ಕಂಡಿದ್ದಾರೆ, ಬಾವಿಯ ಈ ದಡದಿಂದ ಆ ದಡಕ್ಕೆ ಹಾರಿದ್ದನ್ನೂ ಕಂಡಿದ್ದಾರೆ. ಹಿರಿಯೂರಿನಿಂದ ಮೂಡಲಿಗೆ ಎಂಟು ಮೈಲಿ ದೂರದ ಗೊಲ್ಲರಹಟ್ಟಿ ಅದು. ನಲವತ್ತು ಮನೆ, ಮನೆಗೊಂದು ಕುರಿ ರೊಪ್ಪ. ರೊಪ್ಪವೆಂದರೆ ಎದೆಮಟ್ಟದ ಕಲ್ಲುಗೋಡೆ, ಅದರ ಮೇಲೆ ಮುಳ್ಳು, ಒಳಗೆ ಹೋಗಲು ಒಂದು ಕಿರಿದಾದ ಬಾಯಿ. ಹಟ್ಟಿಯವರೆಲ್ಲ ಆ ಬಾಯಿಂದ ಹೋಗಿ ಬಂದರೆ ಚಿತ್ತಯ್ಯ ಮಾತ್ರ ಮುಳ್ಳುಗೋಡೆ ಹಾರಿಯೇ ಒಳಗೆ ಬೀಳುತ್ತಿದ್ದ. ಐವತ್ತೈದು ದಾಟಿದ ಮೇಲೂ ಅದೇ ಚಾಳಿ. ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುಮ್ಮನಿರಬೇಕಾದ ವಯಸ್ಸಿನಲ್ಲಿ ಈ ಪುಣ್ಯಾತ್ಮನಿಗೆ ಮುಳ್ಳುಗೋಡೆ!

ಬಾಯಿಯೂ ಹಾಗೇ ಚುರುಕು. ನೀವು ಅರ್ಧ ಮಾತಾಡುವಷ್ಟರಲ್ಲಿ ಅವನ ಪೂರ್ತಿ ಉತ್ತರ ಬಂದಾಗಿರುತ್ತಿತ್ತು. ಸಂತೆಯಲ್ಲಿ ಕುರಿ ಕೊಳ್ಳುವುದೆಂದರೆ ಒಂದು ಸಲ ಬೆನ್ನು ಸವರಿ, ಒಂದು ಸಲ ಹಲ್ಲು ನೋಡಿ, ಆಯ್ತು ಕೊಡು ಅಂದುಬಿಡುತ್ತಿದ್ದ. ಕೈಯೂ ಚುರುಕು. ಹೆಂಡತಿಯ ಕೆನ್ನೆಗೆ ಏಟು ಮೊದಲು ಬೀಳುತ್ತಿತ್ತು, ಯಾಕೆ ಬಿತ್ತೆಂಬ ಮಾತು ಆಮೇಲೆ ಬರುತ್ತಿತ್ತು. ಇಂಥವನನ್ನು ಹಟ್ಟಿಯವರು ಏನೆನ್ನಬೇಕು? ಭಾರಿ ಚಾಲಾಕಿನ ಗಂಡು ಅಂದರು. ಅವನೂ ನಂಬಿದ.

ಅವನ ಹೆಂಡತಿ ಪಾಲಮ್ಮ. ಚಿಕ್ಕಂದಿನಲ್ಲಿ ಬಂಡೆಯಿಂದ ಬಿದ್ದು ಎಡಗಾಲು ಮುರಿದಿತ್ತು, ಕಟ್ಟಿದವರು ಸೊಟ್ಟಗೆ ಕಟ್ಟಿದ್ದರು. ಹೆಜ್ಜೆ ಹಾಕುವಾಗ ಒಂದು ಕಡೆ ವಾಲುತ್ತಿದ್ದಳು. ಮಾತು ಅದಕ್ಕಿಂತ ನಿಧಾನ. ಸೋಮವಾರ ಕೇಳಿದ್ದಕ್ಕೆ ಬುಧವಾರ ಉತ್ತರ ಕೊಡುತ್ತಿದ್ದಳು, ಅದೂ ರಾಗಿ ಬೀಸುತ್ತಲೋ ಮರಿಗೆ ಹಾಲು ಕುಡಿಸುತ್ತಲೋ, ಎದುರಿಗಿದ್ದವರಿಗೆ ತಾನೇನು ಕೇಳಿದ್ದೆ ಎಂಬುದೇ ಮರೆತುಹೋಗಿರುವಾಗ. ಚಿತ್ತಯ್ಯ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಆಮೆ' ಅನ್ನುತ್ತಿದ್ದ. ಎಲ್ಲರ ಮುಂದೆಯೂ ಆಮೆ, ಬೀಗರ ಮುಂದೆಯೂ ಆಮೆ.

ಆ ಹೆಸರು ಬಿದ್ದದ್ದು ಅವಳು ಆ ಮನೆಗೆ ಬಂದ ಮೂರನೇ ದಿನ. ಅವರ ಮನೆಯಲ್ಲೊಂದು ಪದ್ಧತಿ. ಹೊಸ ಸೊಸೆ ಸಂಜೆ ಹೊತ್ತು ಮಂದೆಯ ಹಿಂದೆ ರೊಪ್ಪದೊಳಗೆ ಹೋಗಬೇಕು, ಕುರಿಗಳ ಮೈ ಮುಟ್ಟಬೇಕು. ಆ ಹೊತ್ತಿನಲ್ಲಿ ರೊಪ್ಪದ ಬಾಯಿಗೆ ಒಂದು ಕೋಲು ಅಡ್ಡ ಹಿಡಿದಿರುತ್ತಾರೆ, ನೆಲದಿಂದ ಒಂದು ಗೇಣು ಮೇಲೆ. ಕುರಿಗಳು ಒಂದೊಂದಾಗಿ ಅದನ್ನು ಹಾರಿ ಒಳಗೆ ಹೋದರೆ ಎಣಿಸುವುದು ಸಲೀಸು. ಅಂದು ಎಲ್ಲ ಕುರಿ ಹೋದ ಮೇಲೆ ಅತ್ತೆ ಕಾಳಕ್ಕ ಕೋಲನ್ನು ನೆಲಕ್ಕೇ ಇಟ್ಟು, "ಬಲಗಾಲಿಟ್ಟು ಬಾರವ್ವ" ಅಂದಳು. ಪಾಲಮ್ಮ ಸೀರೆಯ ಅಂಚು ಎತ್ತಿಕೊಂಡು ಕಾಲಿಡುವಷ್ಟರಲ್ಲಿ ಚಿತ್ತಯ್ಯ ಚಕ್ಕನೆ ಬಗ್ಗಿ ಕೋಲಿನ ತುದಿ ಹಿಡಿದು ಅದನ್ನು ಮೊಣಕಾಲಮಟ್ಟಕ್ಕೆ ಎತ್ತಿದ.

"ಹಾರು ನೋಡಾಣ" ಅಂದ.

ಹದಿನೆಂಟರ ಹುಡುಗಿ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಇಬ್ಬರೂ ನಗುತ್ತಿದ್ದರು. ಹಾರಿದಳು. ಸೊಟ್ಟಗಾಲು ಕೋಲಿಗೆ ಸಿಕ್ಕಿತು, ಹಿಕ್ಕೆಯ ಮೇಲೆ ಮುಖವಡಿಯಾಗಿ ಬಿದ್ದಳು, ಹಸಿರು ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಹಟ್ಟಿಗೆ ಹಟ್ಟಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದ ರೊಪ್ಪದ ಎತ್ತಪ್ಪ ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಕುರಿಗೂ ಇರೋ ಚುರುಕು ಇದಕ್ಕಿಲ್ವಲ್ಲೋ, ಆಮೆ ತಂದಿದೀವಿ" ಅಂದ ಚಿತ್ತಯ್ಯ. ಪಾಲಮ್ಮ ಎದ್ದು, ಮೈ ಕೊಡವಿಕೊಂಡು, ಕುರಿಗಳ ಮೈ ಮುಟ್ಟಿ ಬಂದಳು. ಅಂದಿನ ಮಾತಿಗೆ ಅವಳು ಎಷ್ಟು ವರ್ಷವಾದರೂ ಉತ್ತರ ಕೊಡಲಿಲ್ಲ. ಮರೆತಿದ್ದಾಳೆ ಅಂತ ಎಲ್ಲರೂ ತಿಳಿದರು.

ಮೂವತ್ತೆರಡು ವರ್ಷ ಹೀಗೇ ಬಾಳಿದರು. ಒಬ್ಬಳು ಮಗಳು ಹುಟ್ಟಿದಳು, ದೀಪಾ. ಅವಳನ್ನು ಹೊಸದುರ್ಗಕ್ಕೆ ಕೊಟ್ಟರು. ಮಂದೆ ನೂರಾ ಮೂವತ್ತೆಂಟಾಯಿತು. ಮುಂದೆ ಚಿತ್ತಯ್ಯ, ಹಿಂದೆ ಪಾಲಮ್ಮ. ಕುಂಟುವ ಕುರಿ, ಈಯುವ ಕುರಿ, ಮುಳ್ಳು ತುಳಿದ ಮರಿ ಎಲ್ಲ ಅವಳ ಪಾಲು. ಒಂದು ಮುದಿ ಕುರಿಯಂತೂ ಅವಳ ಸೆರಗು ಮೂಸಿಕೊಂಡೇ ನಡೆಯುತ್ತಿತ್ತು. "ಅದನ್ನ ಕಟುಕರಿಗೆ ಹೊಡಿ, ನಿನ್ನಂಗೇ ಐತೆ" ಎಂದು ಚಿತ್ತಯ್ಯ ವರ್ಷಕ್ಕೆ ನಾಲ್ಕು ಸಲ ಅನ್ನುತ್ತಿದ್ದ. ಅವಳು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಕುರಿ ಮಾತ್ರ ಉಳಿಯುತ್ತಿತ್ತು.

ಒಮ್ಮೆ ಸಂತೆಯಲ್ಲಿ ಚಿತ್ತಯ್ಯ ಒಂದು ದಪ್ಪನೆಯ ಕುರಿಗೆ ಕೈ ಹಾಕಿದ. ಪಾಲಮ್ಮ ಅದರ ಬಾಯಿ ಬಿಡಿಸಿ, ಕಣ್ಣಿನ ರೆಪ್ಪೆ ಮಗುಚಿ, ಸುತ್ತ ಎರಡು ಸಲ ಬಂದು, "ತಡೀರಿ, ಇನ್ನೊಂದು ಸಲ ನೋಡ್ತೀನಿ" ಅಂದಳು. ಅಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ಆ ಕುರಿ ತಂದ ಬಾಯಿಹುಣ್ಣಿನ ರೋಗಕ್ಕೆ ಇಪ್ಪತ್ತು ದಿನದಲ್ಲಿ ಹನ್ನೊಂದು ಮರಿ ಹೋದವು. "ಬೇಗ ಬಾಯಿ ಬಿಡೋಕೇನ್ ರೋಗ ನಿಂಗೆ?" ಎಂದು ಹೆಂಡತಿಗೇ ಬಾರಿಸಿದ. ಅಬ್ಬಬ್ಬಾ, ಎಂಥ ನ್ಯಾಯ! ಅವಳು ಸತ್ತ ಮರಿಗಳನ್ನು ಮಕ್ಕರಿಗೆ ತುಂಬಿಕೊಂಡು ಹೋಗಿ ಹೂತು ಬಂದಳು.

ಇನ್ನು ಕೆಂಚನ ವಿಷಯ ಹೇಳಬೇಕು. ಕೆಂಚ ಒಂದು ಟಗರು. ತಾಯಿ ಸತ್ತ ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಸಿ ಸಾಕಿದವಳು ಪಾಲಮ್ಮ, ಕೋಡು ಮೂಡಿದ ಮೇಲೆ ನನ್ನದು ಎಂದು ಎಳೆದುಕೊಂಡವನು ಚಿತ್ತಯ್ಯ. ತಾನು ಹಾರಿದರೆ ಅದೂ ಹಾರುವಂತೆ ಕಲಿಸಿದ. 'ಹ್ಯಾವ್, ಬಾ!' ಎಂದು ಕೂಗಿ ಇವನು ಗೋಡೆ ನೆಗೆದರೆ ಬೆನ್ನ ಹಿಂದೆಯೇ ಕೆಂಚ. ಕೆಂಚ ನೆಗೆದರೆ ಮಂದೆ. ಕುರಿಯ ಜಾತಿಯೇ ಹಾಗೆ. ಸಂಜೆ ಎಣಿಸುವಾಗ ಮೊದಲ ನಾಲ್ಕು ಹಾರಿದ ಮೇಲೆ ಕೋಲು ತೆಗೆದುಬಿಟ್ಟರೂ ಹಿಂದಿನವು ಅದೇ ಜಾಗಕ್ಕೆ ಬಂದು ಇಲ್ಲದ ಕೋಲನ್ನು ಹಾರುತ್ತವೆ. ಚಿತ್ತಯ್ಯ ನೆಂಟರಿಷ್ಟರಿಗೆ ಇದನ್ನು ತೋರಿಸಿ ನಗುತ್ತಿದ್ದ. "ತಲೇಲಿ ಏನೂ ಇಲ್ಲ ನೋಡ್ರಿ ಇವಕ್ಕೆ. ಮುಂದಿಂದು ಹಾರ್ತು ಅಂತ ಹಾರ್ತವೆ."

ಯಾರೋ ಒಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದರು. ಹಾರುವ ಅಜ್ಜ, ಹಾರುವ ಟಗರು ಎಂದು ಹಿರಿಯೂರು, ಚಿತ್ರದುರ್ಗ ಎಲ್ಲ ಕಡೆ ಓಡಾಡಿತು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು ಇವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಚಿತ್ತಯ್ಯನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ರೊಪ್ಪದ ಕೋಲನ್ನು ಒಂದು ಗೇಣಿನಿಂದ ಎತ್ತಿ ಎತ್ತಿ ಮೊಣಕಾಲಮಟ್ಟಕ್ಕೆ ತಂದ, ಮಂದೆಗೆಲ್ಲ ಅಷ್ಟೆತ್ತರ ಹಾರುವ ರೂಢಿ ಮಾಡಿಸಿದ. "ಯಾಕ್ರಿ ಇದೆಲ್ಲ, ಗಬ್ಬದ ಕುರಿ ಅವೆ" ಎಂದಳು ಪಾಲಮ್ಮ, ವಾರ ಕಳೆದ ಮೇಲೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ನಾಲ್ಕನೇ ದಿನ ಮಂದೆ ಹೊರಟಿತು. ಹೊಳಲ್ಕೆರೆ ಕಡೆ ಮೆಕ್ಕೆಜೋಳ ಮುರಿದ ಹೊಲಗಳಲ್ಲಿ ಕುರಿ ನಿಲ್ಲಿಸುವುದೆಂದು ಮಾತಾಗಿತ್ತು. ಆ ಕಡೆಗೆ ಹೋಗಲು ಹೆದ್ದಾರಿ ದಾಟಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ರಸ್ತೆಯ ಅಂಚಿಗೆ ಬಂದರು. ಪಾಲಮ್ಮ ಹಿಂದಿನಿಂದ ಕೂಗಿದಳು, "ಅಂಡರ್‌ಪಾಸ್‌ನಾಗೆ ಹೋಗಾಣ ಕಣ್ರಿ. ಒಂದು ಮೈಲಿ ಅಷ್ಟೇ."

"ನಿನ್ನ ಕಾಲಿಗೆ ಒಂದು ಮೈಲಿ ಅಂದ್ರೆ ಸಂಜೆ ಆಯ್ತದೆ. ನಾನಿಲ್ಲೇ ದಾಟಿಸ್ತೀನಿ, ಕಣ್ಣು ಬಿಟ್ಕಂಡು ನೋಡು" ಅಂದ.

ಹಳ್ಳದ ಸೇತುವೆ ಶುರುವಾಗುವ ಜಾಗ ಅದು. ಹರೆಯದಲ್ಲಿ ನೂರು ಸಲ ದಾಟಿದ್ದ. ಆಗ ಅದು ಎರಡು ಗಾಡಿ ಅಗಲದ ರಸ್ತೆ, ಆಚೆ ಅಂಚಿನಲ್ಲಿ ಹಳ್ಳಕ್ಕಿಳಿಯುವ ಮಣ್ಣಿನ ದಿಬ್ಬ. ರಸ್ತೆಯಿಂದ ದಿಬ್ಬಕ್ಕೆ ಹಾರಿ, ಜಾರಿ, ಇಳಿದುಬಿಡುತ್ತಿದ್ದರು. ರಸ್ತೆ ಅಗಲವಾದ ಮೇಲೆ ಆ ದಿಬ್ಬ ಹೋಗಿತ್ತು. ಅದರ ಜಾಗದಲ್ಲಿ ಮೂವತ್ತಡಿಯ ನೆಟ್ಟನೆ ಗೋಡೆ, ಕೆಳಗೆ ಕಲ್ಲು ಹಾಸಿದ ಹಳ್ಳ, ಮೇಲೆ ಅಂಚಿಗೆ ತೊಡೆಯಷ್ಟೂ ಎತ್ತರವಿಲ್ಲದ ತಗಡಿನ ತಡೆ. ಐದಾರು ವರ್ಷದಿಂದ ಈ ದಾರಿಯಲ್ಲಿ ಬಂದಾಗಲೆಲ್ಲ ಅಂಡರ್‌ಪಾಸಿನಲ್ಲೇ ದಾಟಿದ್ದರಿಂದ ಅವನು ಆಚೆ ಅಂಚನ್ನು ನೋಡಿರಲಿಲ್ಲ. ಎರಡು ನಿಮಿಷ ನಿಂತು ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ನಿಂತು ನೋಡುವುದು ಆಮೆಗಳ ಕೆಲಸ.

ಮೊದಲ ಅರ್ಧ ರಸ್ತೆ ಚೆನ್ನಾಗಿಯೇ ದಾಟಿದ. ನಡುವಿನ ಡಿವೈಡರ್ ನೆಗೆದ, ಕೆಂಚ ನೆಗೆಯಿತು, ಮಂದೆ ನೆಗೆಯಿತು. ಕಾರಿನವರು ನಿಂತು ಮೊಬೈಲು ಹಿಡಿದರು. ಚಿತ್ತಯ್ಯ ಅವರತ್ತ ನೋಡಿ ಮೀಸೆಯಡಿ ನಕ್ಕ. ಎರಡನೇ ಅರ್ಧದ ನಡುವೆ ಇದ್ದಾಗ ಲಾರಿಯೊಂದು ಹಾರ್ನ್ ಬಡಿದುಕೊಂಡು ಬಂತು. ಅವನ ಮೈ ಯೋಚನೆಗೆ ಕಾಯುವ ಮೈಯಲ್ಲ. 'ಹ್ಯಾವ್, ಬಾ!' ಎಂದು ಕೂಗಿ ಎರಡೇ ನೆಗೆತಕ್ಕೆ ಅಂಚು ಮುಟ್ಟಿ, ತಗಡಿನ ತಡೆಯ ಮೇಲಿಂದ ಆಚೆ ಹಾರಿದ.

ಲಾರಿ ಮಂದೆಯಿಂದ ಎಂಟು ಮಾರು ದೂರದಲ್ಲಿ ನಿಂತಿತ್ತು. ಡ್ರೈವರ್ ಇಳಿದು ಬಯ್ಯಲು ಬಾಯಿ ತೆರೆದಿದ್ದ. ಚಿತ್ತಯ್ಯ ಇದ್ದ ಕಡೆಯೇ ನಿಂತಿದ್ದರೂ ಸಾಕಿತ್ತು, ಒಂದು ಕುರಿಯ ಕೂದಲೂ ಕೊಂಕುತ್ತಿರಲಿಲ್ಲ.

ಚಿತ್ತಯ್ಯ ಕಲ್ಲಿನ ಮೇಲೆ ಸೊಂಟ ಕೊಟ್ಟು ಬಿದ್ದ. ಒಳಗೆ ಏನೋ ಲಟಕ್ಕೆಂದದ್ದು ಕಿವಿಗೆ ಕೇಳಿತು. ಉಸಿರು ತಿರುಗುವ ಮೊದಲೇ ಮೇಲಿನ ಬೆಳಕಿಗೆ ಅಡ್ಡವಾಗಿ ಕೆಂಚ ಬಂತು, ನಾಲ್ಕು ಕಾಲೂ ಮಡಚಿಕೊಂಡು, ಕಲಿಸಿದ ಹಾಗೆಯೇ. ಪಕ್ಕದ ಬಂಡೆಗೆ ಬಡಿದು ಕತ್ತು ತಿರುಗಿಸಿಕೊಂಡು ಬಿತ್ತು. ಅದರ ಹಿಂದೆ ಒಂದು. ಅದರ ಹಿಂದೆ ಎರಡು. ಆಮೇಲೆ ಸಾಲು ಹಿಡಿದು ಬಂದವು. ಕೆಲವು ಅವನ ಕಾಲ ಮೇಲೆಯೇ ಬಿದ್ದವು. ಗಬ್ಬದ ಕುರಿ ಬಿದ್ದ ಸದ್ದೇ ಬೇರೆ ಇರುತ್ತದೆ ಎಂದು ಅವನಿಗೆ ಆಗ ತಿಳಿಯಿತು.

"ಬ್ಯಾಡ್ರೇ! ಬರಬ್ಯಾಡ್ರೇ! ಹ್ಯಾವ್! ಹ್ಯಾವ್!" ಎಂದು ಬಾಯಿ ಬಡಿದುಕೊಂಡ.

ಅಯ್ಯೋ ಮೂರ್ಖ! ಕುರಿಗೆ 'ಬ್ಯಾಡ' ಅಂದರೇನು ಗೊತ್ತು? ಅವಕ್ಕೆ ಗೊತ್ತಿದ್ದದ್ದು ಆ ದನಿ. ಒಡೆಯ ಕೆಳಗಿದ್ದಾನೆ, ಕೂಗುತ್ತಿದ್ದಾನೆ. ಅನುಮಾನಿಸಿ ನಿಂತಿದ್ದವೂ ಕಿವಿ ನಿಮಿರಿಸಿ, ಒಂದನ್ನೊಂದು ತಳ್ಳಿಕೊಂಡು ಹಾರತೊಡಗಿದವು. ಅವನು ಕೂಗಿದಷ್ಟೂ ಬೇಗ ಬೇಗ ಬಿದ್ದವು.

ಆಗ ಮೇಲಿನಿಂದ ಇನ್ನೊಂದು ದನಿ ಬಂತು.

"ಬಾಯಿ ಮುಚ್ಚೋ!"

ಪಾಲಮ್ಮ. ಮೂವತ್ತೆರಡು ವರ್ಷ 'ಬರ್ರಿ, ಉಣ್ರಿ, ಕುಂತ್ಕಳ್ರಿ' ಅಂದ ಬಾಯಿ ಅದು. ಹುಟ್ಟಿದ ಮೇಲೆ ಮೊದಲ ಸಲ ಅವಳ ಮಾತು ಕ್ಷಣವೂ ತಡವಾಗದೆ ಬಂದಿತ್ತು. ಚಿತ್ತಯ್ಯ ಬಾಯಿ ಮುಚ್ಚಿದ, ಮುಂಗೈ ಕಚ್ಚಿಕೊಂಡ.

ಅವಳು ಡಿವೈಡರಿನ ಹತ್ತಿರ, ಮಂದೆಯ ಬಾಲದಲ್ಲಿದ್ದಳು. ಓಡಲಿಲ್ಲ. ಓಡಿದರೆ ಕುರಿಯೂ ಓಡುತ್ತವೆ ಅಂತ ಗೊತ್ತಿತ್ತು. ಪಕ್ಕದಲ್ಲಿದ್ದ ಮುದಿ ಕುರಿಯ ಕಿವಿ ಹಿಡಿದು ಬಂದ ದಾರಿಗೆ ತಿರುಗಿಸಿದಳು. ಹಳ್ಳದ ಕಡೆ ಒಂದು ಸಲವೂ ತಿರುಗಿ ನೋಡದೆ, ದಿನಾ ಸಂಜೆ ಮನೆಗೆ ಹೋಗುವ ಹಾಗೆ ವಾಲಿಕೊಂಡು ವಾಲಿಕೊಂಡು ನಡೆದಳು, ತನ್ನ ಸಣ್ಣ ದನಿಯಲ್ಲಿ ಬಾ ಬಾ ಅನ್ನುತ್ತಾ. ಹಿಂದಿದ್ದವು ಒಂದೊಂದಾಗಿ ತಿರುಗಿದವು. ಐವತ್ತೆರಡು. ಅವನ್ನು ಒಂದು ಹೊಲದ ಬೇಲಿಯೊಳಗೆ ಕೂಡಿ, ಬೇಲಿಗೆ ಮುಳ್ಳು ಎಳೆದು, ನೀರು ತೋರಿಸಿ, ಆಮೇಲೆ ಹಳ್ಳದ ಕಡೆ ಹೊರಟಳು.

ಅಷ್ಟರಲ್ಲಿ ಹಳ್ಳಕ್ಕೆ ಜನ ಇಳಿದಿದ್ದರು. ತನ್ನನ್ನು ಎತ್ತಲು ಓಡಿ ಬರುತ್ತಿದ್ದಾರೆ ಅಂದುಕೊಂಡ ಚಿತ್ತಯ್ಯ ಕೈ ಚಾಚಿದ. ಅವರು ಅವನನ್ನು ದಾಟಿಕೊಂಡು ಕುರಿಗಳ ಕಡೆ ಹೋದರು. "ಇದು ಇನ್ನೂ ಬಿಸಿ ಐತೆ ಕಣ್ಲೇ, ಬೇಗ ಕುಯ್ಯಿ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಕಾಲು ಹಿಡಿದು ದರದರ ಎಳೆದರು, ಕಾರಿನ ಡಿಕ್ಕಿಗೆ ತುಂಬಿದರು, ಬೈಕಿನ ಮೇಲೆ ಅಡ್ಡ ಹಾಕಿಕೊಂಡರು. ಒಬ್ಬ ಮರ್ಯಾದಸ್ಥ ಮಾತ್ರ ಬಗ್ಗಿ, "ಅಜ್ಜ, ನಿಮ್ದಾ ಇವು? ಒಂದು ತಗಂಡು ಹೋಗ್ಲಾ?" ಎಂದು ಕೇಳಿದ. ಇನ್ನೊಬ್ಬ ಮೊಬೈಲು ಹಿಡಿದು ಮುಖದ ಹತ್ತಿರ ತಂದು, "ಲೇ, ಇವನು ಹಾರೋ ಅಜ್ಜ ಕಣ್ಲೇ!" ಅಂದ. ಕೊನೆಗೆ ಆ ಲಾರಿ ಡ್ರೈವರೇ ಆಂಬುಲೆನ್ಸಿಗೆ ಫೋನು ಮಾಡಿದ್ದು. ಕೆಂಚನನ್ನು ಎಳೆದುಕೊಂಡು ಹೋದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ದುರ್ಗದ ಆಸ್ಪತ್ರೆಯಲ್ಲಿ ಎರಡು ತಿಂಗಳು. ತೊಡೆಗೆ ರಾಡು, ಸೊಂಟಕ್ಕೆ ಪಟ್ಟಿ. ಮಗಳು ದೀಪಾ ಬಂದು ನೋಡಿಕೊಂಡಳು. ಪಾಲಮ್ಮ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಮಂಚದ ಹತ್ತಿರ ಅರ್ಧ ಗಂಟೆ ಕೂತು, ಹೋಗುತ್ತಿದ್ದಳು. ಮಂದೆ ಬಿಟ್ಟು ಹೆಚ್ಚು ಹೊತ್ತು ಇರುವಂತಿರಲಿಲ್ಲ. ಮನೆಗೆ ಬಂದ ಮೇಲೆ ಅವನ ಕೈಗೆ ನಾಲ್ಕು ಕಾಲಿನ ವಾಕರ್ ಬಂತು. ಅದನ್ನು ಮುಂದಿಟ್ಟು, ಒಂದು ಕಾಲು ಎಳೆದು, ಇನ್ನೊಂದು ಕಾಲು ಎಳೆದು, ಜಗಲಿಯಿಂದ ರೊಪ್ಪಕ್ಕೆ ಹೋಗುವಷ್ಟರಲ್ಲಿ ಒಲೆಯ ಮೇಲೆ ಮುದ್ದೆ ಬೆಂದಿರುತ್ತಿತ್ತು.

ಎತ್ತಪ್ಪ ದಿನಾ ಸಂಜೆ ತನ್ನ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಹರೆಯದಲ್ಲಿ ಹಾರುವ ಪಂದ್ಯದಲ್ಲಿ ಒಮ್ಮೆಯೂ ಚಿತ್ತಯ್ಯನನ್ನು ಗೆಲ್ಲದ ಎತ್ತಪ್ಪ.

"ಏನಪ್ಪ ಚಿತ್ತಯ್ಯ, ಇವತ್ತು ಗೋಡೆ ಹಾರಲ್ವೇನಪ್ಪ?"

ಇದೊಂದೇ ಮಾತು, ದಿನಾ. ಹೇಳಿ ತಾನೇ ನಗುತ್ತಿದ್ದ. ಚುರುಕು ಬಾಯಿಯ ಚಿತ್ತಯ್ಯ ವಾಕರ್ ತಿರುಗಿಸಿಕೊಂಡು ಜಗಲಿಗೆ ಮರಳುತ್ತಿದ್ದ.

ಆದರೆ ಅವನನ್ನು ತಿಂದದ್ದು ಎತ್ತಪ್ಪನಲ್ಲ, ಪಾಲಮ್ಮ. ಬಯ್ಯಲಿಲ್ಲ. ಎಂಬತ್ತಾರು ಕುರಿಯ ಬಗ್ಗೆ ಒಂದು ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲಿಟ್ಟಳು, ಮೈ ತೊಳೆದಳು, ಮಾತ್ರೆ ಕೊಟ್ಟಳು. "ಬೈಯ್ಯೇ, ಏನಾರ ಅನ್ನೇ" ಎಂದು ಒಂದು ದಿನ ಅತ್ತೇಬಿಟ್ಟ. ಅವಳು ಅವನ ಮೂಗು ಒರೆಸಿ ತಟ್ಟೆ ಎತ್ತಿಕೊಂಡು ಹೋದಳು. ಅವಳ ಉತ್ತರ ತಡವಾಗಿ ಬರುತ್ತದೆ, ಬಂದೇ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕಾಯುವುದು ಮಾತ್ರ ಗೊತ್ತಿರಲಿಲ್ಲ.

ವರ್ಷ ಕಳೆಯಿತು. ಮಂದೆ ಅರವತ್ತೊಂದಾಯಿತು. ಮುಂದೆಯೂ ಪಾಲಮ್ಮನೇ, ಹಿಂದೆಯೂ ಪಾಲಮ್ಮನೇ. ಕುರಿಗಳು ಅವಳ ಸುತ್ತ ಮೇಯುತ್ತಾ ಅವಳ ನಡಿಗೆಯಲ್ಲೇ ನಡೆಯುವುದನ್ನು ಕಲಿತಿದ್ದವು. ಚಿತ್ತಯ್ಯನಿಗೆ ಜಗಲಿಯಲ್ಲಿ ಕೂತು ಕೂತು ಹುಚ್ಚು ಹಿಡಿದ ಹಾಗಾಗಿತ್ತು. ಮಂದೆಯ ಜೊತೆ ಹೋಗದವನು ಆ ಹಟ್ಟಿಯಲ್ಲಿ ಇದ್ದೂ ಇಲ್ಲದವನು. ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದ.

"ನಾಡಿದ್ದಿಂದ ಮಂದೆ ಮುಂದೆ ನಾನೇ ಇರ್ತೀನಿ. ನಿಧಾನಕ್ಕೆ ಹೋದ್ರಾತು."

ಪಾಲಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ನಾಳೆ ಸಂಜೆ ರೊಪ್ಪದೊಳಗೆ ಬಂದು ಮೈ ಸವರ್ತೀನಿ. ನನ್ನ ವಾಸನೆ ಹತ್ತಲಿ ಅವಕ್ಕೆ" ಅಂದ. ಹೊಸಬ ಮಂದೆಯ ಮುಂದೆ ಹೋಗಬೇಕಾದರೆ ಹಾಗೆ ಮಾಡುವುದು ರೂಢಿ. ಕುರಿಗೆ ಅವನು ಈಗ ಹೊಸಬನೇ ಆಗಿದ್ದ.

ಮರುದಿನ ಸಂಜೆ ಎದ್ದು ತಾನೇ ಮೀಸೆ ತಿದ್ದಿಕೊಂಡ, ಹಳೆಯ ಕಂಬಳಿ ಹೆಗಲಿಗೆ ಹಾಕಿಕೊಂಡ, ವಾಕರ್ ಎಳೆಯುತ್ತಾ ರೊಪ್ಪದ ಬಾಯಿಗೆ ಬಂದ. ಎತ್ತಪ್ಪ ಗೋಡೆಗೆ ಒರಗಿದ್ದ. ಮೂರ್ನಾಲ್ಕು ಹೆಂಗಸರು ಕೊಡ ಇಳಿಸಿ ನಿಂತರು. ಪಾಲಮ್ಮ ಕೋಲನ್ನು ಒಂದು ಗೇಣಿನ ಎತ್ತರಕ್ಕೆ ಹಿಡಿದು ಎಣಿಸುತ್ತಿದ್ದಳು. ಚಿತ್ತಯ್ಯನಿಗೆ ತಡೆಯಲಾಗಲಿಲ್ಲ. 'ಹ್ಯಾವ್, ಬಾ!' ಎಂದು ಕೂಗಿದ.

ಇನ್ನೂ ಹೊರಗಿದ್ದ ಕುರಿಗಳು ಬೆಚ್ಚಿದವು. ಬೆನ್ನು ತಿರುಗಿಸಿ, ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿಕೊಂಡು ಹಟ್ಟಿಯ ದೂರದ ಮೂಲೆಗೆ ಓಡಿದವು. ಅಂದು ಹೆದ್ದಾರಿಯಲ್ಲಿ ಉಳಿದುಕೊಂಡಿದ್ದವೇ ಆ ಕೂಗಿಗೆ ಹಾರದವು.  ಪಾಲಮ್ಮ ನಾಲಗೆ ಲೊಚಗುಟ್ಟಿ ಅವನ್ನು ಕರೆದಳು. ಬಂದವು, ಒಂದೊಂದಾಗಿ ಹಾರಿದವು. "ಅರವತ್ತು. ಅರವತ್ತೊಂದು" ಅಂದಳು.

ಚಿತ್ತಯ್ಯ ವಾಕರನ್ನು ಮುಂದಿಟ್ಟ. ಕಾಲೆಳೆದ. ಕೋಲಿನ ಹತ್ತಿರ ಬಂದು, ಅವಳು ತೆಗೆಯುತ್ತಾಳೆಂದು ಕಾದು ನಿಂತ.

ಪಾಲಮ್ಮ ಕೋಲನ್ನು ಮೊಣಕಾಲಮಟ್ಟಕ್ಕೆ ಎತ್ತಿದಳು.

ಅವನು ಮೊದಲು ನಕ್ಕ. ತಮಾಷೆ ಅಂದುಕೊಂಡ. ಆಮೇಲೆ ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ತೆಗಿಯೇ" ಅಂದ.

"ಹಾರು ನೋಡಾಣ" ಅಂದಳು.

ಕೊಡ ಇಳಿಸಿದ್ದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಎತ್ತಪ್ಪ ಕಿಸಕ್ಕನೆ ನಕ್ಕ, ಅವನ ನಗುವಿಗೆ ಇನ್ನೊಬ್ಬರು ನಕ್ಕರು, ನಗು ಗೋಡೆಯಿಂದ ಗೋಡೆಗೆ ದಾಟಿತು. ಚಿತ್ತಯ್ಯ ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದಕ್ಕೆ ಹೋದರೆ ಜಗಲಿ, ಸಾಯುವವರೆಗೆ ಜಗಲಿ. ವಾಕರನ್ನು ಎತ್ತಿ ಕೋಲಿನ ಆಚೆ ಇಟ್ಟ. ರಾಡು ಹಾಕಿದ ಕಾಲನ್ನು ಎರಡೂ ಕೈಯಿಂದ ಹಿಡಿದು ಎತ್ತಲು ನೋಡಿದ. ಕೈಬಿಟ್ಟ ವಾಕರ್ ಜಾರಿತು. ಕೋಲಿನ ಈಚೆಯೇ ಮುಖವಡಿಯಾಗಿ ಹಿಕ್ಕೆಯ ಮೇಲೆ ಬಿದ್ದ.

ಹಟ್ಟಿಗೆ ಹಟ್ಟಿಯೇ ನಕ್ಕಿತು. ಅವನು ತಲೆಯೆತ್ತಿ ನೋಡಿದ. ಗಡ್ಡಕ್ಕೆಲ್ಲ ಹಿಕ್ಕೆ ಮೆತ್ತಿತ್ತು. ಪಾಲಮ್ಮ ಅವನನ್ನು ಎತ್ತಲು ಬಗ್ಗಲಿಲ್ಲ. ವಾಕರನ್ನು ಕಾಲಿನಿಂದ ತಳ್ಳಿ ಅವನ ಕೈಗೆ ಸಿಗುವಂತೆ ಮಾಡಿದಳು. ಕೋಲು ಹಿಡಿದ ಕೈ ಅಲ್ಲಾಡಲಿಲ್ಲ, ಅದು ಮೊಣಕಾಲಮಟ್ಟದಲ್ಲೇ ಇತ್ತು.

"ಏಳು. ಇನ್ನೊಂದು ಸಲ ಹಾರು" ಅಂದಳು. "ನಂಗೇನು ಅವಸರ ಇಲ್ಲ."